ತಂಗಿ ಹೇಳಿದ ‘ಒಲ್ಲೆ’

ನನ್ನ ತಂಗಿ ಒಂದು ಮಾತು ಆಡಿ ಮುಗಿಸುವಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡು ಇರಲಿಲ್ಲ. ನಾನು ಮಾಡದೆ ಬಿಟ್ಟದ್ದು ಇಷ್ಟೇ. ಕೇಳಿದವರಿಗೆ ಸಣ್ಣದು ಅನ್ನಿಸಬಹುದು. ಆದರೆ ಅದು ಅವಳ ಲಗ್ನದ ಮಾತಾಗಿತ್ತು, ಅವಳು ಏನು ಹೇಳಲು ಹೊರಟಿದ್ದಳು ಎಂಬುದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹನ್ನೊಂದು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ.

ನಾನು ಏಳನೆಯ ಇಯತ್ತೆವರೆಗೆ ಕಲಿತವಳು. ಚರ್ಚಿನಲ್ಲಿ ದೇವರ ವಾಕ್ಯ ಓದಿ ಓದಿ ಅಕ್ಷರ ಮರೆಯದೆ ಉಳಿದಿವೆ. ಈಗ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಮಕ್ಕಳು ಉಂಡು ಹೋದ ಮೇಲೆ, ಪಾತ್ರೆ ತೊಳೆದಿಟ್ಟು, ಅಡುಗೆ ಕೋಣೆಯ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ತಪ್ಪಿದ್ದರೆ ಓದಿದವರು ತಿದ್ದಿಕೊಳ್ಳಬೇಕು.

ನಮ್ಮ ತವರು ಸಿಂದಗಿ ತಾಲೂಕಿನಲ್ಲಿ, ಮೋರಟಗಿಯ ಹತ್ತಿರ. ಅಪ್ಪ ಗೌಂಡಿ. ಊರೂರಿಗೆ ಹೋಗಿ ಮನೆ ಕಟ್ಟುತ್ತಿದ್ದ. ಊರಲ್ಲಿ ಕ್ರೈಸ್ತರ ಮನೆ ಏಳೆಂಟು, ಚರ್ಚಿಗೆ ತಗಡಿನ ಮೇಲ್ಛಾವಣಿ. ಮಕ್ಕಳು ನಾವಿಬ್ಬರೇ. ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ಮಾತು ಕಲಿತ ದಿನದಿಂದಲೂ ಅವಳಿಗೆ ಉಗ್ಗು. ಮೊದಲನೆಯ ಅಕ್ಷರದ ಮೇಲೆ ನಾಲಿಗೆ ನಿಂತುಬಿಡುತ್ತಿತ್ತು. ಮುಖ ಕೆಂಪಾಗುತ್ತಿತ್ತು, ಕುತ್ತಿಗೆಯ ನರ ಉಬ್ಬುತ್ತಿತ್ತು. ಹಾಡುವಾಗ ಮಾತ್ರ ಉಗ್ಗು ಇರಲಿಲ್ಲ.

ಐಗುಪ್ತದ ದಾಸತ್ವದಿಂದ ಜನರನ್ನು ಬಿಡಿಸಿಕೊಂಡು ಬಂದ ಪ್ರವಾದಿಗೂ ಮಾತು ಸರಾಗವಾಗಿ ಬರುತ್ತಿರಲಿಲ್ಲವಂತೆ. ದೇವರು ಅವನ ಅಣ್ಣನನ್ನೇ ಅವನಿಗೆ ಬಾಯಿಯಾಗಿ ಕೊಟ್ಟ. ಅವ್ವ ಈ ಕಥೆಯನ್ನು ಹಿಡಿದುಕೊಂಡು ನನಗೆ ಹೇಳಿದ್ದಳು, “ಇಕಿಗೆ ನೀನ ಬಾಯಿ. ಇಕಿ ಎಲ್ಲೆ ನಿಲ್ತಾಳ, ಅಲ್ಲಿಂದ ನೀ ಹೇಳು.”

ನಾನು ಹೇಳಿದೆ. ಶಾಲೆಯಲ್ಲಿ ಹಾಜರಿ ಕರೆದಾಗ, ಬಸ್ಸಿನಲ್ಲಿ ಊರಿನ ಹೆಸರು ಕೇಳಿದಾಗ, ದವಾಖಾನೆಯಲ್ಲಿ ಎಲ್ಲಿ ನೋವು ಎಂದಾಗ, ಎಲ್ಲ ಕಡೆ ನಾನೇ ಹೇಳಿದೆ. ನಮ್ಮ ಓಣಿಯ ಕಿರಾಣಿ ಅಂಗಡಿಯವರನ್ನು ನಾವು ಚಾಚಾ ಎಂದು ಕರೆಯುತ್ತಿದ್ದೆವು. ಅವರು ನನಗೆ ವಕೀಲಬಾಯಿ ಎಂದು ಹೆಸರಿಟ್ಟಿದ್ದರು.

ಒಂದು ದಿನ ಅವ್ವ ತಂಗಿಯನ್ನು ಅಂಗಡಿಗೆ ಕಳಿಸಿದಳು. ನಾನು ಹಿಂದಿನಿಂದ ಹೋದೆ.

“ಸ… ಸ…” ಎಂದು ತಂಗಿ ನಿಂತಳು.

“ಸಕ್ಕರಿನೋ, ಸಬಕಾರನೋ, ಸಜ್ಜಕದ ರವಾನೋ?” ಎಂದರು ಚಾಚಾ. “ಸಾವಕಾಶ ಹೇಳವಾ, ನಾ ಏನು ಅಂಗಡಿ ಹೊತಗೊಂಡ ಹೋಗೂದಿಲ್ಲ.”

“ಸಕ್ಕರಿ,” ಎಂದೆ ನಾನು.

“ಬಂದ್ಲು ನೋಡು ವಕೀಲಬಾಯಿ. ನಿನ್ನ ಕೇಳಿಲ್ಲ ನಾ.” ಹಾಗೆ ಅಂದರೂ ಸಕ್ಕರೆಯನ್ನೇ ತೂಗಿಕೊಟ್ಟರು.

ಮನೆಯಲ್ಲಿ ಅವ್ವ ಬಟ್ಟೆ ನೆನೆಸಿಟ್ಟು ಕೂತಿದ್ದಳು. ಪೊಟ್ಟಣ ಬಿಚ್ಚಿ ನೋಡಿ, “ಅರಿವಿಗೆ ಸಕ್ಕರಿ ಹಚ್ಚಿ ಒಗೀಲೇನು? ಸಬಕಾರ ತಾ ಅಂದ್ರ ಸಕ್ಕರಿ ತಂದಾಳ,” ಎಂದು ತಂಗಿಯ ತಲೆಗೆ ಮೊಟಕಿದಳು. ತಂಗಿ ನನ್ನ ಹೆಸರು ಹೇಳಲಿಲ್ಲ. ಪೊಟ್ಟಣ ಕಸಿದುಕೊಂಡು ಒಬ್ಬಳೇ ಹೋದಳು, ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಸಬಕಾರ ಇತ್ತು. ಅವಳು ಅಂಗಡಿಯ ಕಟ್ಟೆ ಹಿಡಿದು ನಿಂತು, ಚಾಚಾ ತಾವೇ ಸಬಕಾರದ ಡಬ್ಬಿಗೆ ಕೈ ಹಾಕಿದರೂ ಬೇಡವೆಂದು ತಲೆ ಅಲ್ಲಾಡಿಸಿ, ಪೂರ್ತಿ ಮಾತು ತಾನೇ ಹೇಳಿದಳಂತೆ. ಚಾಚಾ ಇದನ್ನು ಮರುದಿನ ಅಪ್ಪನಿಗೆ ಹೇಳಿ ನಕ್ಕರು. ಆಗ ಅವಳಿಗೆ ಎಂಟು ವರ್ಷ.

ನನ್ನ ಲಗ್ನ ಬಸವನ ಬಾಗೇವಾಡಿ ತಾಲೂಕಿನ ಕಡೆಗೆ ಆಯಿತು, ಗೊಳಸಂಗಿಯ ಸಮೀಪ. ಗಂಡ, ಮೈದುನ ಇಬ್ಬರೂ ಸೇರಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದರು. ಕೆಟ್ಟ ಮನೆಯಲ್ಲ. ಆದರೆ ಎಲ್ಲರದೂ ಊಟವಾದ ಮೇಲೆ ನಾನೊಬ್ಬಳೇ ಒಲೆಯ ಮುಂದೆ ಕೂತು ಉಣ್ಣಬೇಕಾಗಿತ್ತು. ಗಂಡನಿಗೆ ಮಾತು ಕಡಿಮೆ. ಅತ್ತೆಗೆ ನನ್ನ ಜೊತೆ ಮಾತಾಡುವ ಮನಸ್ಸಿರಲಿಲ್ಲ. ಐದು ವರ್ಷ ಹಾಗೆ ಉಂಡೆ. ಮೈದುನನಿಗೆ ಹೆಣ್ಣು ನೋಡುವ ಮಾತು ಬಂದಾಗ, ನನ್ನ ತಂಗಿಯನ್ನು ತಂದರೆ ನನ್ನ ಜೊತೆ ಕೂತು ಉಣ್ಣುವವರು ಒಬ್ಬರಾದರೂ ಸಿಗುತ್ತಾರೆ ಎಂದು ನನಗೆ ಅನ್ನಿಸಿತು. ಅಕ್ಕ ತಂಗಿ ಒಂದೇ ಮನೆಗೆ ಸೊಸೆಯರಾಗುವುದು ನಮ್ಮಲ್ಲಿ ಹೊಸದೇನಲ್ಲ. ಅತ್ತೆಯನ್ನೂ ಗಂಡನನ್ನೂ ನಾನೇ ಒಪ್ಪಿಸಿದೆ.

ಅಪ್ಪ ಫೋನಿನಲ್ಲಿ ಕೇಳಿದ, “ಅಕಿ ಮನಸ್ಸಿನ್ಯಾಗ ಏನೈತಿ ಕೇಳಿ ಹೇಳವಾ. ನಿನ್ನ ಮುಂದ ಹೇಳ್ತಾಳ.”

ನಾನು ಅವಳನ್ನು ಕೇಳಲೇ ಇಲ್ಲ. ಎರಡು ದಿನ ಬಿಟ್ಟು ಅಪ್ಪನಿಗೆ, “ಅಕಿಗೆ ಖುಷಿ ಐತ್ಯಪ್ಪ,” ಎಂದು ಹೇಳಿದೆ. ಅವ್ವನಿಗೆ, “ಇದು ದೇವರ ಚಿತ್ತ,” ಎಂದೂ ಸೇರಿಸಿದೆ. ದೇವರ ಚಿತ್ತ ಎಂದರೆ ಅವ್ವ ಮತ್ತೆ ಪ್ರಶ್ನೆ ಕೇಳುವವಳಲ್ಲ.

ನಿಶ್ಚಯ ತವರುಮನೆಯ ಅಂಗಳದಲ್ಲಿ ನಡೆಯಿತು. ಉಂಗುರ ಹಾಕುವ ಮೊದಲು ಪಾಸ್ಟರು ಹುಡುಗ ಹುಡುಗಿ ಇಬ್ಬರನ್ನೂ ಒಪ್ಪಿಗೆ ಕೇಳುತ್ತಾರೆ. ನಮ್ಮ ಮಂದಿಯ ರೂಢಿಯಲ್ಲಿ ಹುಡುಗಿ ತಲೆ ತಗ್ಗಿಸುತ್ತಾಳೆ, ಪಕ್ಕದಲ್ಲಿ ಕೂತ ಹಿರಿಯಳು “ಹೂಂ ಅಂದ್ಲ್ರಿ” ಎನ್ನುತ್ತಾಳೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನನ್ನ ನಿಶ್ಚಯದಲ್ಲಿ ನನ್ನ ಪರವಾಗಿ ಹೂಂ ಅಂದವಳು ಸೋದರತ್ತೆ. ಆ ವರ್ಷ ಬಂದ ಪಾಸ್ಟರು ಬೇರೆ ಕಡೆಯವರು, ವಯಸ್ಸಿನಲ್ಲಿ ಚಿಕ್ಕವರು. ಹುಡುಗಿಯ ಬಾಯಿಂದಲೇ ಬರಬೇಕು ಎಂದರು.

ಮೈದುನ ಒಪ್ಪಿಗೆ ಇದೆ ಎಂದ. ಪಾಸ್ಟರು ತಂಗಿಯ ಕಡೆ ತಿರುಗಿ, “ನಿಮಗ ಈ ಲಗ್ನ ಒಪ್ಪಿಗಿ ಐತೇನ್ರಿ?” ಎಂದು ಕೇಳಿದರು.

ತಂಗಿ ತಲೆ ತಗ್ಗಿಸಲಿಲ್ಲ. “ಒ… ಒ…” ಎಂದು ತಡೆದಳು.

ಇಲ್ಲಿ ನಾನು ಸರಿಯಾಗಿ ಹೇಳಬೇಕು. ‘ಒಪ್ಪಿಗೆ’ ಅನ್ನಬೇಕಾದರೆ ತುಟಿ ಎರಡೂ ಮುಚ್ಚಬೇಕು. ‘ಒಲ್ಲೆ’ ಅನ್ನಬೇಕಾದರೆ ತುಟಿ ತೆರೆದೇ ಇರುತ್ತದೆ, ನಾಲಿಗೆಯ ತುದಿ ಮೇಲೆ ಹೋಗುತ್ತದೆ. ಆ ಬಾಯಿಯನ್ನು ನಾನು ಇಪ್ಪತ್ತು ವರ್ಷ ನೋಡಿದವಳು. ಯಾವ ಅಕ್ಷರಕ್ಕೆ ಅದು ಹೇಗೆ ತಿರುಗುತ್ತದೆ ಎಂದು ನನ್ನಷ್ಟು ಬಲ್ಲವರು ಯಾರೂ ಇರಲಿಲ್ಲ. ಅವಳ ತುಟಿ ಮುಚ್ಚಲಿಲ್ಲ. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಹತ್ತಿ ಕೂತದ್ದನ್ನು ನಾನು ಕಣ್ಣಾರೆ ಕಂಡೆ.

“ಒಪ್ಪಿಗಿ ಐತ್ರಿ,” ಎಂದೆ. ಜೋರಾಗಿಯೇ ಹೇಳಿದೆ.

ಚಪ್ಪಾಳೆಯಾಯಿತು. ಅತ್ತೆ ಪೇಡೆಯ ಡಬ್ಬಿ ತೆರೆದರು. ಪಾಸ್ಟರು ಇನ್ನೂ ತಂಗಿಯ ಮುಖ ನೋಡುತ್ತಿದ್ದರು, ಅಷ್ಟರಲ್ಲಿ ಉಂಗುರ ಬಂತು. ತಂಗಿ ಅಳಲಿಲ್ಲ. ನನ್ನನ್ನು ಒಮ್ಮೆ ನೋಡಿದಳು. ಅಕ್ಕ ಯಾಕೆ ಹೀಗೆ ಕೇಳಿಸಿಕೊಂಡಳು ಎಂದು ತಿಳಿಯದ ನೋಟ ಅದು. ನಾನು ಅವಳ ಬಾಯಿಗೆ ಪೇಡೆ ಇಟ್ಟೆ.

ನಮ್ಮ ಚರ್ಚಿನಲ್ಲಿ ಲಗ್ನಕ್ಕೆ ಮುಂಚೆ ಮೂರು ರವಿವಾರ ಹುಡುಗ ಹುಡುಗಿಯ ಹೆಸರು ಓದಿ, ಯಾರದಾದರೂ ಅಡ್ಡಿ ಇದ್ದರೆ ತಿಳಿಸಬೇಕು ಎಂದು ಕೇಳುತ್ತಾರೆ. ಯಾರೂ ಏಳುವುದಿಲ್ಲ. ಓದುವವರೂ ಉತ್ತರಕ್ಕೆ ನಿಲ್ಲದೆ ಹಾಳೆ ತಿರುಗಿಸುತ್ತಾರೆ. ಎರಡು ರವಿವಾರ ಹಾಗೇ ಆಯಿತು. ಮೂರನೆಯ ರವಿವಾರ ನಾನು ಅತ್ತೆಯನ್ನು ಕರೆದುಕೊಂಡು ತವರಿಗೆ ಬಂದಿದ್ದೆ. ಹೆಸರು ಓದಿದರು, ಅಡ್ಡಿಯ ಮಾತು ಕೇಳಿದರು. ಹೆಂಗಸರ ಸಾಲಿನಲ್ಲಿ, ನನ್ನ ಎಡಕ್ಕೆ, ತಂಗಿ ಎದ್ದು ನಿಂತಳು.

ಲಗ್ನದ ಹುಡುಗಿಯೇ ಎದ್ದದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಅವ್ವ ಅವಳ ಸೆರಗು ಹಿಡಿದು ಜಗ್ಗಿದಳು. ನಾನೂ ಎದ್ದೆ. ರೂಢಿಯೇ ಹಾಗಾಗಿತ್ತು.

“ಅಕಿಗೆ ಮೈಯಾಗ ಆರಾಮಿಲ್ರಿ ಪಾಸ್ಟರ್ರ,” ಎಂದೆ.

ಪಾಸ್ಟರು ನನ್ನ ಕಡೆ ಅಂಗೈ ಎತ್ತಿದರು. “ನೀವು ಕೂಡ್ರಿ ಅಕ್ಕಾರ. ಅವ್ರ ಮಾತು ಅವ್ರು ಹೇಳ್ಲಿ.”

ನಾನು ಕೂತೆ. ತಂಗಿ ಮುಂದಿನ ಬೆಂಚಿನ ಹಲಗೆ ಹಿಡಿದು ನಿಂತಿದ್ದಳು. “ಒ…” ಎಂದಳು, ನಿಂತಿತು. ಮತ್ತೆ “ಒ…” ಎಂದಳು. ಫ್ಯಾನು ಕಿರ್ ಕಿರ್ ಅನ್ನುತ್ತಿತ್ತು. ಯಾರದೋ ಕೂಸು ಅತ್ತಿತು, ಹೊರಗೆ ಕರೆದುಕೊಂಡು ಹೋದರು. ಗಂಡಸರ ಸಾಲಿನಲ್ಲಿ ಅಪ್ಪ ನೆಲ ನೋಡುತ್ತಿದ್ದ. ಇಡೀ ಸಭೆ ಅವಳ ಒಂದು ಅಕ್ಷರಕ್ಕೆ ಕಾಯುತ್ತಿತ್ತು. ಅವಳ ಜೀವನದಲ್ಲಿ ಅಷ್ಟು ಹೊತ್ತು ಯಾರೂ ಕಾದಿರಲಿಲ್ಲ. ಪಾಸ್ಟರು ಪುಸ್ತಕ ಕೆಳಗಿಟ್ಟು ಕೈ ಕಟ್ಟಿ ನಿಂತರು, ಅವಸರ ಮಾಡಲಿಲ್ಲ.

“ಒ… ಒಲ್ಲೆರಿ,” ಎಂದಳು. “ನಾ ಈ ಲ… ಲಗ್ನ ಒಲ್ಲೆರಿ.”

ಆ ದಿನ ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ಆದರೆ ಸಿಟ್ಟಿನ ಒಳಗೂ ಒಂದು ಬೆರಗು ಇತ್ತೆಂದು ಈಗ ಹೇಳಬಲ್ಲೆ. ನಾಲಿಗೆ ಚುರುಕಾಗಿದ್ದ ನಾನು ಯಾರ ಮುಂದೆಯೂ, ಯಾವತ್ತೂ, ಒಲ್ಲೆ ಎಂದವಳಲ್ಲ. ನನ್ನ ಲಗ್ನದಲ್ಲಿ ಹೂಂ ಎಂದದ್ದು ಕೂಡ ನಾನಲ್ಲ.

ಚರ್ಚಿನ ಹೊರಗೆ ಅತ್ತೆ ಚಪ್ಪಲಿ ಮೆಟ್ಟುತ್ತ, “ಮಾತು ಬರೂದಿಲ್ಲ ಅಂತ ತಿಳಕೊಂಡಿದ್ವಿ. ಬರತೈತಿ ಬಿಡು, ಮನಿ ಮುರಿಯೂವಷ್ಟು ಬರತೈತಿ,” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. “ನೀನ ಅಂದಿದ್ಯಲ್ಲ, ಒಪ್ಪಿಗಿ ಐತಿ ಅಂತ?”

“ಒ ಅಂದ್ಲ್ರಿ ಅತ್ತಿ. ಒಪ್ಪಿಗಿ ಅಂತಾಳ ಅಂತ ತಿಳಕೊಂಡೆ. ನನಗ ತಪ್ಪ ಕೇಳಿಸ್ತು.”

ಸುಳ್ಳು ಅಷ್ಟು ಸುಲಭವಾಗಿ ಬಂತು. ತಂಗಿ ಪಕ್ಕದಲ್ಲೇ ಇದ್ದಳು. ಅವಳು ನನ್ನ ಕೈ ಹಿಡಿದುಕೊಂಡು ಅತ್ತೆಗೆ ಹೇಳಿದಳು, “ಅ… ಅಕ್ಕಂದು ತಪ್ಪಿಲ್ರಿ. ನನ್ನ ಮಾತ ಹಂಗ.” ತಪ್ಪನ್ನೆಲ್ಲ ಅವಳೇ ಹೊತ್ತುಕೊಂಡಳು. ಹೊತ್ತುಕೊಳ್ಳಲು ನಾನು ಬಿಟ್ಟೆ.

ಅಂದು ಸಂಜೆ ಪಾಸ್ಟರು ಮನೆಗೆ ಬಂದರು. ಅತ್ತೆ ಬಸ್ಸು ಹಿಡಿದು ಹೋಗಿಯಾಗಿತ್ತು. ಅವ್ವ ಅಳುತ್ತಿದ್ದಳು.

“ದೇವರ ಚಿತ್ತ ಇತ್ತರಿ. ಇಕಿ ಅದಕ್ಕ ಅಡ್ಡ ಬಂದ್ಲು.”

“ದೇವರ ಚಿತ್ತ ಅಂತ ನಿಮಗ ಯಾರು ಹೇಳಿದ್ರವಾ?” ಎಂದು ಪಾಸ್ಟರು ಕೇಳಿದರು.

ಅವ್ವ ನನ್ನ ಕಡೆ ಬೆರಳು ಮಾಡಿದಳು. “ನಮ್ಮ ಹಿರೀಮಗಳು.”

ಮುಂಜಾನೆಯಿಂದ ಮಾತಾಡದಿದ್ದ ಅಪ್ಪ, “ಹಂಗಾರ ಈಗ ದೇವ್ರಿಗೂ ಇಕೀನ ವಕೀಲಬಾಯಿ ಆಗ್ಯಾಳ,” ಎಂದ. ಪಾಸ್ಟರು ನಗು ತಡೆದುಕೊಳ್ಳಲು ಚಹಾದ ಕಪ್ಪು ಬಾಯಿಗೆ ಹಿಡಿದರು.

ಅವ್ವ ಬಿಡಲಿಲ್ಲ. “ಅಲ್ರಿ, ನಾವು ಏನ ಮಾಡ್ತೀವಿ, ಏನ ಅಂತೀವಿ, ದೇವ್ರಿಗೆ ಮೊದಲ ಗೊತ್ತಿರತೈತಿ. ಅಂದಮ್ಯಾಲ ನಾವು ಹೂಂ ಅಂದ್ರೇನು, ಒಲ್ಲೆ ಅಂದ್ರೇನು? ಎಲ್ಲಾ ಅಂವನ ಕೈಯಾಗ.”

ಪಾಸ್ಟರು ಉತ್ತರಕ್ಕೆ ಬಾಯಿ ತೆರೆದರು. ಆದರೆ ಒಲೆಯ ಹತ್ತಿರ ಕೂತಿದ್ದ ತಂಗಿ “ಗೊ…” ಎಂದು ಶುರು ಮಾಡಿದ್ದಳು. ಅವರು ಸುಮ್ಮನಾದರು.

“ಗೊತ್ತಿರತೈತಿ ಯವ್ವಾ,” ಎಂದಳು ತಂಗಿ, ತಡೆದು ತಡೆದು. “ನಾ ಏನ ಅಂತೇನಿ ಅಂತ ಅಂವಗ ಗೊತ್ತ ಇರತೈತಿ. ಆದ್ರ ಅಂವ ನನ್ನ ಮಾತ ಮು… ಮುಗಸೂದಿಲ್ಲ. ನಾ ಮುಗಸೂ ತನಕ ಕಾಯ್ತಾನ.”

ಪಾಸ್ಟರು ಚಹಾದ ಕಪ್ಪು ಕೆಳಗಿಟ್ಟರು. ಆಮೇಲೆ, “ನಾ ಇದನ್ನ ಹೇಳಾಕ ಒಂದ ತಾಸು ಪ್ರಸಂಗ ಮಾಡತಿದ್ದೆ,” ಎಂದರು.

ತಂಗಿಯ ಆ ಮಾತು ನನಗೆ ಮುಳ್ಳಿನಂತೆ ಉಳಿಯಿತು. ಅವಳ ಮಾತು ನನಗೂ ಮೊದಲೇ ಗೊತ್ತಿತ್ತು, ದೇವರಿಗೂ ಗೊತ್ತಿತ್ತು. ಸಕಲವನ್ನೂ ಬಲ್ಲ ಅವನು ಅವಳ ನಾಲಿಗೆಯ ಮುಂದೆ ಸುಮ್ಮನೆ ನಿಂತ. ಏಳನೆಯ ಇಯತ್ತೆಯ ನಾನು ನಿಲ್ಲಲಿಲ್ಲ. ಅವ್ವ ಹೇಳಿದ ಆ ಕಥೆಯನ್ನೂ ಆಮೇಲೆ ನಾನೇ ಮತ್ತೆ ಓದಿದೆ. ಅಣ್ಣ ತಮ್ಮನಿಗೆ ಬಾಯಿಯಾಗಿದ್ದು ನಿಜ. ಆದರೆ ತಮ್ಮ ಹೇಳಿಕೊಟ್ಟದ್ದನ್ನು ಮಾತ್ರ ಅವನು ಹೇಳಬೇಕಾಗಿತ್ತು. ತಮ್ಮ ಬೆಟ್ಟ ಹತ್ತಿ ಹೋದಾಗ ಜನ ಕೇಳಿದರೆಂದು ಆ ಅಣ್ಣನೇ ಬಂಗಾರದ ಕರು ಮಾಡಿಕೊಟ್ಟ. ಆಮೇಲೆ ಕೇಳಿದರೆ, ಬಂಗಾರ ಬೆಂಕಿಗೆ ಹಾಕಿದೆ, ಕರು ತಾನೇ ಹೊರಗೆ ಬಂತು ಎಂದ. ಅದನ್ನು ಓದಿದಾಗ ನನ್ನ ‘ತಪ್ಪ ಕೇಳಿಸ್ತು’ ನೆನಪಾಗಿ ಪುಸ್ತಕ ಮುಚ್ಚಿಟ್ಟೆ.

ಮೈದುನ ಒಳ್ಳೆಯವನೇ. ಮುಂದಿನ ವರ್ಷ ಅವನ ಲಗ್ನ ಬೇರೆ ಕಡೆ ಆಯಿತು. “ಒಲ್ಲದಾಕೀನ ತಂದು ಏನ ಮಾಡೂದಿತ್ತು ವೈನಿ,” ಎಂದ ಒಮ್ಮೆ. ನಾನು ತಂಗಿಗೆ ಕೇಳಿದ್ದೆ, ಅವನಲ್ಲಿ ಏನು ಕೊರತೆ ಕಂಡಿತು ಎಂದು. ಏನೂ ಇಲ್ಲ ಎಂದಳು. ಬಹಳ ಒತ್ತಾಯ ಮಾಡಿದ ಮೇಲೆ ಹೇಳಿದಳು: ಅವನು ಮನೆಗೆ ಬಂದಾಗ ಅವಳನ್ನು ನಾಲ್ಕು ಮಾತು ಕೇಳಿದನಂತೆ, ನಾಲ್ಕಕ್ಕೂ ತಾನೇ ನಗುನಗುತ್ತ ಉತ್ತರ ಹೇಳಿದನಂತೆ. “ನಿನ್ನಂಗ ಅದಾರ,” ಎಂದಳು. ಬೈಗುಳದ ದನಿ ಇರಲಿಲ್ಲ.

ಅವಳು ಮುದ್ದೇಬಿಹಾಳಕ್ಕೆ ಹೋಗಿ ಕಂಪ್ಯೂಟರ್ ಕಲಿತಳು. ಅಲ್ಲಿ ಎರಡು ವರ್ಷ ಒಂದು ಅಂಗಡಿಯಲ್ಲಿ ಕೆಲಸ ಮಾಡಿ, ಆಮೇಲೆ ಇಂಡಿಯಲ್ಲಿ ತನ್ನದೇ ಸಣ್ಣ ಅಂಗಡಿ ಹಾಕಿದಳು. ಝೆರಾಕ್ಸ್, ಆನ್‌ಲೈನ್ ಅರ್ಜಿ, ಫೋಟೋ. ಎದುರಿನ ರಸ್ತೆಯಲ್ಲಿ ಲಿಂಬೆಹಣ್ಣಿನ ಚೀಲ ಹೊತ್ತ ಗಾಡಿಗಳು ಹೋಗುತ್ತವೆ, ಅಂಗಡಿಯೊಳಗೆ ಕೂತರೂ ಅದರ ವಾಸನೆ. ಟೇಬಲ್ಲಿನ ಮೇಲೆ ದಪ್ಪಕ್ಷರದಲ್ಲಿ ಒಂದು ಕಾರ್ಡು ಇಟ್ಟಿದ್ದಾಳೆ: ‘ನಾನು ಉಗ್ಗುತ್ತೇನೆ. ದಯಮಾಡಿ ನನ್ನ ಮಾತನ್ನು ನೀವು ಮುಗಿಸಬೇಡಿರಿ.’ ಲಗ್ನ ಇನ್ನೂ ಆಗಿಲ್ಲ. ಆಗುವುದೇ ಇಲ್ಲ ಎಂದೂ ಅವಳು ಹೇಳಿಲ್ಲ.

ಇಂಡಿಯ ಚರ್ಚಿನಲ್ಲಿ ಅವಳನ್ನು ಹಾಡುವ ಗುಂಪಿಗೆ ಕರೆದರು, ಹಾಡುವಾಗ ಉಗ್ಗು ಇಲ್ಲವಲ್ಲ ಎಂದು. ಅವಳು ಹಾಡುತ್ತಾಳೆ. ಆದರೆ ತಿಂಗಳಿಗೊಮ್ಮೆ ವಾಕ್ಯ ಓದುವ ಪಾಳಿಯನ್ನೂ ಕೇಳಿ ತೆಗೆದುಕೊಂಡಿದ್ದಾಳೆ. ಯಾಕೆ ತ್ರಾಸು ತೆಗೆದುಕೊಳ್ಳುತ್ತಿ ಎಂದೆ. “ಹಾಡು ಎಲ್ಲಾರ ಜೋಡಿ ಬರತೈತಿ ಅಕ್ಕ. ಓ… ಓದೂದು ನಾನ ಓದಬೇಕು,” ಎಂದಳು. ನಾನು ಹೋಗಿದ್ದ ರವಿವಾರ ಅವಳು ಓದಿದ್ದು ದಾರಿಬದಿಯ ಕುರುಡನ ಕಥೆ. ಕಣ್ಣಿಲ್ಲದವನಿಗೆ ಏನು ಬೇಕೆಂದು ಹಾದಿಹೋಕರಿಗೂ ಗೊತ್ತಾಗುತ್ತದೆ. ಆದರೂ ಪ್ರಭು ಅವನನ್ನು ಹತ್ತಿರ ಕರೆದು, ನಿನಗೆ ನಾನು ಏನು ಮಾಡಬೇಕು ಎಂದು ಕೇಳುತ್ತಾನೆ. ತಂಗಿ ಆ ಪ್ರಶ್ನೆಯ ಹತ್ತಿರವೇ ಬಹಳ ಹೊತ್ತು ನಿಂತಳು. ಸಭೆಯಲ್ಲಿ ಯಾರೂ ಮಿಸುಕಲಿಲ್ಲ, ಯಾರೂ ಪಿಸುಗುಡಲಿಲ್ಲ. ಇಷ್ಟು ಮಂದಿಗೆ ಕಾಯುವುದನ್ನು ಕಲಿಸಿದವಳು ನನ್ನ ತಂಗಿ ಎಂದು ನನಗೆ ಹೆಮ್ಮೆಯಾಯಿತು. ಹೆಮ್ಮೆಯ ಹಿಂದೆಯೇ ನಾಚಿಕೆಯೂ ಬಂತು. ಅಂದೇ ಅವಳಿಗೆ ನಿಜ ಹೇಳಬೇಕೆಂದುಕೊಂಡೆ, ಹೇಳದೆ ಊರಿಗೆ ಬಂದೆ.

ಕಳೆದ ತಿಂಗಳು ಮತ್ತೆ ಇಂಡಿಗೆ ಹೋದೆ. ಮಧ್ಯಾಹ್ನ ಅಂಗಡಿಯಲ್ಲಿ ಅಗರಖೇಡದಿಂದ ಬಂದ ಒಬ್ಬ ಮುದುಕಿ, ಅವಳ ಮಗ ಇದ್ದರು. ಮುದುಕಿಯ ಪಿಂಚಣಿಯ ಅರ್ಜಿ. ತಂಗಿ ಪರದೆ ನೋಡಿ ಕೇಳಿದಳು, “ಅಮ್ಮಾ, ಅರ್ಜಿಗೆ ನಿಮ್ಮ ಮಗನ ಫೋನ್ ನಂಬರ್ ಹಾಕು ಅಂತಾರ ಇವ್ರು. ನಿಮಗ ಒ… ಒ…”

“ಐತ್ರಿ ಒಪ್ಪಿಗಿ, ಹಾಕ್ರಿ ಲಗೂ,” ಎಂದ ಮಗ. “ಬಸ್ಸಿಗೆ ಹೊತ್ತಾತು.”

ತಂಗಿ ಕಾರ್ಡನ್ನು ಅವನ ಕಡೆ ತಿರುಗಿಸಿದಳು. “ನಾ ಅವ್ರನ್ನ ಕೇಳಿದ್ದು.”

“ಅಕಿಗೇನು ತಿಳಿತೈತ್ರಿ?”

“ಯಾಕ, ನಂದ ಫೋನ್ ಇಲ್ಲೇನು?” ಎಂದಳು ಮುದುಕಿ. “ನಂದ ನಂಬರ್ ಹಾಕವಾ.”

“ನಿನಗ ಫೋನ್ ಎತ್ತಾಕ ಬರೂದಿಲ್ಲ ಯವ್ವಾ.”

“ಬರತೈತಿ. ನಿಂದು ಬಂದಾಗ ಎತ್ತೂದಿಲ್ಲ, ಅಷ್ಟ.”

ತಂಗಿ ನಗುತ್ತ ಮುದುಕಿಯ ನಂಬರನ್ನೇ ಹಾಕಿದಳು. ಪ್ರಿಂಟ್ ಬರುವವರೆಗೆ ಮುದುಕಿ ನನ್ನನ್ನು ತೋರಿಸಿ ಇವರು ಯಾರು ಎಂದು ಕೇಳಿದಳು.

“ನಮ್ಮಕ್ಕರಿ. ಸಣ್ಣಾಕಿ ಇದ್ದಾಗ ನನ್ನ ಬಾಯಿ ಇಕೀನ,” ಎಂದಳು ತಂಗಿ. ನನ್ನ ಭುಜದ ಮೇಲೆ ಕೈಯಿಟ್ಟು, ಪ್ರೀತಿಯಿಂದಲೇ ಸೇರಿಸಿದಳು, “ನನ್ನ ಲಗ್ನದ ಮಾತೊಂದು ಮಾತ್ರ ತ… ತಪ್ಪ ಕೇಳಿಸಿಕೊಂಡ್ಲು, ಪಾಪ.”

ಆ ‘ಪಾಪ’ವನ್ನು ನನಗೆ ತಡೆಯಲಾಗಲಿಲ್ಲ. ನನ್ನ ಸುಳ್ಳನ್ನು ಅವಳು ಹನ್ನೊಂದು ವರ್ಷ ನಂಬಿ, ಜೋಪಾನ ಮಾಡಿ, ಪರರ ಮುಂದೆ ನನ್ನನ್ನು ಕಾಯಲು ಬಳಸುತ್ತಿದ್ದಳು. ಹೊರಗೆ ಕರೆದು ಹೇಳೋಣ ಎಂದು ಒಂದು ಕ್ಷಣ ಅನ್ನಿಸಿತು. ಸುಳ್ಳು ಹೇಳಿದ್ದು ನಾಲ್ಕು ಜನರ ಮುಂದೆ, ನಿಜ ಮಾತ್ರ ಮರೆಯಲ್ಲಿ ಹೇಳುವುದು ಸರಿಯಲ್ಲ ಎನ್ನಿಸಿ ಅಲ್ಲೇ ಎದ್ದು ನಿಂತೆ. ಮುದುಕಿ, ಅವಳ ಮಗ, ಝೆರಾಕ್ಸಿಗೆ ಬಂದ ಇನ್ನೊಬ್ಬರು, ಎಲ್ಲರೂ ನೋಡುತ್ತಿದ್ದರು.

“ನನಗ ತಪ್ಪ ಕೇಳಿಸಿದ್ದಿಲ್ಲ,” ಎಂದೆ.

ತಂಗಿಗೆ ಅರ್ಥವಾಗಲಿಲ್ಲ. “ಹೋಗ್ಲಿ ಬಿಡು ಅಕ್ಕ, ಹ… ಹಳೇ ಮಾತು,” ಎಂದಳು.

“ಬಿಡೂದಿಲ್ಲ. ನೀ ಒಲ್ಲೆ ಅನ್ನಾಕತ್ತಿದ್ದಿ ಅಂತ ನನಗ ಆವಾಗ ಗೊತ್ತಿತ್ತು. ನಿನ್ನ ನಾಲಗಿ ಮ್ಯಾಲ ಹೋಗಿದ್ದನ್ನ ನಾ ನೋಡಿದ್ದೆ. ನೀ ನನ್ನ ಮನಿಗೆ ಬರಬೇಕಾಗಿತ್ತು ನನಗ, ಅದಕ್ಕ ನಿನ್ನ ಮಾತನ್ನ ನಾ ಬದಲಿ ಮಾಡಿದೆ. ಆಮ್ಯಾಲೆ ಎಲ್ಲಾರೂ ನಿನ್ನ ಬೈಯಾಕತ್ತಾಗ ತಿಳಿಲಿಲ್ಲ ಅಂತ ಸುಳ್ಳ ಹೇಳಿ ತಪ್ಪಿಸಿಕೊಂಡೆ. ದೇವರ ಚಿತ್ತ ಅಂತ ಅವ್ವಗ ಹೇಳಿದ್ದೂ ಸುಳ್ಳ. ನಂದು ತಪ್ಪಾತು ತಂಗಿ. ನನ್ನ ಕ್ಷಮಿಸು.”

ತಂಗಿ ಉತ್ತರಕ್ಕೆ ಬಾಯಿ ತೆರೆದಳು, ಮೊದಲನೆಯ ಅಕ್ಷರದ ಮೇಲೆ ನಾಲಿಗೆ ನಿಂತಿತು; ಅವಳು ಮುಗಿಸುವವರೆಗೆ ನಾನು ಬಾಯಿ ಮುಚ್ಚಿಕೊಂಡು ಕಾದೆ.